ಸಪ್ಪೆಯಾದ ಕೆಂಪು ಚಟ್ನಿ

ಕಾಳುಕಡಿ ವ್ಯಾಪಾರದ ಒಂದು ಊರಿನಲ್ಲಿ ದಾನಮ್ಮ ಎಂಬಾಕೆ ಖಾನಾವಳಿ ನಡೆಸುತ್ತಿದ್ದಳು. ಅಲ್ಲಿ ರೊಟ್ಟಿ ಬಡಿಯುವವಳು ನಿಂಬೆವ್ವ. ಗಂಡ ತೀರಿಕೊಂಡ ಮೇಲೆ ಅವಳನ್ನೂ ಶಾಲೆಗೆ ಹೋಗುವ ಅವಳ ಮಗಳನ್ನೂ ಸಾಕಿದ್ದು ಆ ಖಾನಾವಳಿಯ ಒಲೆಯೇ. ರೊಟ್ಟಿಯನ್ನು ಎಲ್ಲರೂ ಬಡಿಯುತ್ತಾರೆ ಬಿಡಿ, ಜನ ಅಲ್ಲಿಗೆ ಮುಗಿಬೀಳುತ್ತಿದ್ದದ್ದು ನಿಂಬೆವ್ವ ಕುಟ್ಟುವ ಕೆಂಪು ಚಟ್ನಿಗೆ. ಮೂಟೆ ಹೊರುವ ಹಮಾಲರು ಮೂಗು ಒರೆಸಿಕೊಳ್ಳುತ್ತಲೇ ಇನ್ನೊಂದಿಷ್ಟು ಹಾಕು ಅನ್ನುತ್ತಿದ್ದರು. ಅದಕ್ಕೆ ಅಳತೆ ಗಿಳತೆ ಏನೂ ಇರಲಿಲ್ಲ. ನಿಂಬೆವ್ವ ಒಂದು ಚಿಟಿಕೆ ನಾಲಿಗೆಗೆ ಹಚ್ಚಿಕೊಂಡು ಖಾರ ಸಾಕೋ ಸಾಲದೋ ನೋಡುತ್ತಿದ್ದಳು, ಅಷ್ಟೇ.

ಅಂಥ ಚಟ್ನಿ ಒಂದು ಬೇಸಿಗೆಯಲ್ಲಿ ಸಪ್ಪೆಯಾಗತೊಡಗಿತು.

"ದಾನಮ್ಮಕ್ಕ, ಇದೇನು ಕೂಸಿಗೆ ನೆಕ್ಕಸೂ ಚಟ್ನಿ ಮಾಡಿಸೀರಿ?" ಎಂದ ಹಮಾಲ ಹುಲಿಗೆಪ್ಪ. ಸಾಲಿನಲ್ಲಿ ಕೂತವರೆಲ್ಲ ನಕ್ಕರು. ದಾನಮ್ಮ ನಗಲಿಲ್ಲ. ಒಲೆಯ ಮುಂದಿದ್ದ ನಿಂಬೆವ್ವನಿಗೆ ಆಶ್ಚರ್ಯವಾಯಿತು. ಅವಳ ಬಾಯಿಗೆ ಆ ಚಟ್ನಿ ಬೆಂಕಿಯಂತೆ ಉರಿದಿತ್ತು.

ಸಂಗತಿ ಇಷ್ಟು. ನಿಂಬೆವ್ವ ನಸುಕಿನಲ್ಲೇ ಒಲೆ ಹಚ್ಚಿದರೆ ಗಿರಾಕಿಗಳು ಉಂಡೇಳುವ ತನಕ ಅವಳಿಗೆ ಊಟವಿಲ್ಲ. ಹಸಿವು ಸಾಯಲೆಂದು ತಂಬಾಕಿಗೆ ಸುಣ್ಣ ತಿಕ್ಕಿ ಎಡಗೆನ್ನೆಯಲ್ಲಿ ಇಟ್ಟುಕೊಳ್ಳುವುದು ಹಳೆಯ ರೂಢಿ. ಅದೇ ಜಾಗದಲ್ಲಿ ಈಗ ಒಂದು ಬಿಳಿ ಕಲೆ ಎದ್ದಿತ್ತು. ಸುಮ್ಮನಿದ್ದರೆ ನೋವಿಲ್ಲ, ಖಾರ ತಾಗಿದರೆ ಮಾತ್ರ ಪ್ರಾಣ ಹೋಗುತ್ತಿತ್ತು. ಹಾಗಾಗಿ ಎರಡು ಮೆಣಸಿನಕಾಯಿ ಕುಟ್ಟಿದರೂ ಸಾಕಾಯಿತು ಎಂದು ಅವಳಿಗೆ ಅನ್ನಿಸುತ್ತಿತ್ತು.

ಡಾಕ್ಟರಿಗೆ ತೋರಿಸಬಾರದಿತ್ತೇ ಎಂದು ನೀವು ಕೇಳುತ್ತೀರಿ. ಕೇಳುವುದಕ್ಕೇನು. ಹಿಂದಿನ ವರ್ಷ ದಾನಮ್ಮನಿಗೂ ನಾಲಿಗೆಯ ಅಂಚಿನಲ್ಲಿ ಒಂದು ಹುಣ್ಣಾಗಿತ್ತು. ಸಂಜೆಯೊಳಗೆ ಗಂಡ ಕಾರು ತೆಗೆದು ದೊಡ್ಡ ಊರಿಗೆ ಕರೆದೊಯ್ದು ತೋರಿಸಿಕೊಂಡು ಬಂದ. ಹಲ್ಲು ತಾಗಿ ಆದದ್ದು, ಎರಡು ದಿನಕ್ಕೆ ಮಾಯವಾಯಿತು. ಆಗ ಗಂಜಿ ಕಾಸಿಕೊಟ್ಟವಳು ನಿಂಬೆವ್ವನೇ. ಆದರೆ ನಿಂಬೆವ್ವನ ಪಾಲಿಗೆ ದವಾಖಾನೆ ಎಂದರೆ ಆ ದಿನದ ಕೂಲಿ ಹೋಯಿತೆಂದೇ ಅರ್ಥ. ಕೂಲಿ ಹೋದರೆ ಹೋಗಲಿ, ಒಲೆಯೇ ಹೋದರೆ? ಜ್ವರವೆಂದು ಮನೆಯಲ್ಲಿ ಉಳಿದ ಒಬ್ಬಳ ಜಾಗಕ್ಕೆ ದಾನಮ್ಮ ಮರುದಿನವೇ ಬೇರೆಯವಳನ್ನು ಕೂರಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಶಾಲೆಯಲ್ಲಿ ಪುಕ್ಕಟೆಯಾಗಿ ಬಾಯಿ ನೋಡುವ ಶಿಬಿರವೂ ನಡೆದಿತ್ತು. ನಡೆದದ್ದು ಮಾತ್ರ ರೊಟ್ಟಿ ಬಡಿಯುವ ಹೊತ್ತಿನಲ್ಲಿ. ಇದೆಲ್ಲದರ ಮೇಲೆ, ಕೈಕಾಲು ಆಡುತ್ತಿರುವ ತನಕ ಅದು ರೋಗವೇ ಅಲ್ಲ ಎಂದು ಅವಳು ನಂಬಿದ್ದಳು. ಅವಳ ಅವ್ವನೂ ಹಾಗೇ ನಂಬಿದ್ದಳು.

ಒಂದು ಮಧ್ಯಾಹ್ನ ಗಿರಾಕಿಗಳೆಲ್ಲ ಹೋದ ಮೇಲೆ ದಾನಮ್ಮ ಒಲೆಯ ಬಳಿ ಬಂದು ನಿಂತಳು.

"ನಿಂಬೆವ್ವ, ಖರೇ ಹೇಳು. ಚಟ್ನಿಗೆ ಹಾಕೂ ಮೆಣಸಿನಕಾಯಿ ನಿನ್ನ ಮನೀಗೆ ಹೊಂಟಾವೇನು?"

ಆಗ ನಿಂಬೆವ್ವನಿಗೆ ಎಲ್ಲ ಹೊಳೆಯಿತು. ಚಟ್ನಿ ನಿಜವಾಗಿಯೂ ಸಪ್ಪೆ, ಕೆಟ್ಟಿರುವುದು ತನ್ನ ಬಾಯಿ. ಬಾಯಿಯ ವಿಷಯ ಹೇಳಿದರೆ ರೋಗದವಳ ಕೈಯ ರೊಟ್ಟಿಯನ್ನು ಯಾರು ಮುಟ್ಟುತ್ತಾರೆ? ಕದ್ದೆ ಎಂದರೆ ಬೈದು ಬಿಟ್ಟಾರು. ಅವಳು ತಲೆ ತಗ್ಗಿಸಿದಳು.

"ಹೌದ್ರಿ ಅಕ್ಕಾರ. ನಾನೇ ಒಯ್ದೆ. ತಪ್ಪಾತು."

ನೋಡಿ, ಒಂದು ಮೆಣಸಿನಕಾಯಿಯ ತೊಟ್ಟನ್ನೂ ಕದಿಯದವಳು ತಾನಾಗಿಯೇ ಕಳ್ಳಿ ಅನ್ನಿಸಿಕೊಂಡಳು.

ಎಷ್ಟು ಹೋಗಿದೆ ನೋಡೋಣವೆಂದು ದಾನಮ್ಮ ಒಳಗೆ ಹೋಗಿ ಮೆಣಸಿನಕಾಯಿ ಡಬ್ಬಿಯ ಮುಚ್ಚಳ ತೆಗೆದಳು. ಡಬ್ಬಿ ಬಾಯಿತನಕ ತುಂಬಿತ್ತು. ಅವಳು ಒಂದು ರೊಟ್ಟಿಯ ಮೇಲೆ ಚಟ್ನಿ ಹಾಕಿಕೊಂಡು ಬಂದಳು.

"ಕಳವಾದ ಡಬ್ಬಿ ಹಿಂಗ ತುಂಬಿರತೈತೇನು? ತಗೋ, ನಿನಗ ಇದು ಸಪ್ಪಿ ಹತ್ತತೈತೋ ಇಲ್ಲೋ, ನನ್ನ ಮುಂದ ತಿನ್ನು."

ನಿಂಬೆವ್ವ ಒಂದು ತುತ್ತು ಮುರಿದು ಕಲೆಯಿಲ್ಲದ ಬಲಗೆನ್ನೆಗೆ ಇಟ್ಟುಕೊಂಡಳು. ಖಾರ ಎಡಕ್ಕೂ ಹರಿದು ತಡೆಯಲು ಆಗಲಿಲ್ಲ. ಕಣ್ಣೀರು ಕೋಡಿ ಹರಿಯಿತು. ನುಂಗಲಾರದೆ ಸೆರಗಿನಲ್ಲಿ ಉಗುಳಿದಳು.

"ಬಾಯಿ ತೆಗಿ," ಎಂದಳು ದಾನಮ್ಮ. ಬಾಯಿ ಪೂರ್ತಿ ತೆರೆಯಲೂ ಇಲ್ಲ. ಫೋನಿನ ಬೆಳಕು ಬಿಟ್ಟು ನೋಡಿದ ದಾನಮ್ಮನ ಮುಖ ಬಿಳಿಚಿಕೊಂಡಿತು.

"ಯಾವಾಗಿಂದ ಐತಿ ಇದು?"

"ಸಂಕ್ರಾಂತಿ ಮುಂದ ಕಂಡಿತ್ರಿ. ನೋವಿಲ್ರಿ ಅಕ್ಕಾರ. ಕೆಲಸಕ್ಕೇನೂ ಅಡ್ಡಿ ಇಲ್ರಿ."

"ಮತ್ತ ಕದ್ದೀನಂತ ಯಾಕ ಸುಳ್ಳು ಹೇಳಿದಿ?"

"ಕಳ್ಳಿಗಾದ್ರ ಬೈದು ಬಿಡತೀರಿ. ರೋಗದಾಕಿನ್ನ ಒಲಿ ಮುಂದ ಯಾರು ಕುಂದ್ರಸ್ತಾರ್ರಿ?"

ದಾನಮ್ಮನಿಗೆ ಹಿಂದಿನದು ನೆನಪಾಯಿತು. ಅಂದು ಜ್ವರದವಳ ಜಾಗಕ್ಕೆ ಇನ್ನೊಬ್ಬಳನ್ನು ಕೂರಿಸಿದವಳು ತಾನೇ ಅಲ್ಲವೇ? "ತಪ್ಪು ನಂದೈತಿ ಬಿಡು," ಎಂದಳು. "ನಾಳೆ ಒಲಿ ಹಚ್ಚೂದು ಬ್ಯಾಡ. ಇಬ್ಬರೂ ದವಾಖಾನಿಗೆ ಹೋಗೂಣು. ನಿನ್ನ ಕೂಲಿ ಎಲ್ಲೂ ಹೋಗಂಗಿಲ್ಲ."

ಜಿಲ್ಲಾ ದವಾಖಾನೆಯ ಡಾಕ್ಟರಮ್ಮ ಕಲೆಯ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದಳು. ಫಲಿತಾಂಶ ಬರುವ ತನಕ ನಿಂಬೆವ್ವ ರೊಟ್ಟಿ ಬಡಿಯುತ್ತಲೇ ಇದ್ದಳು. ತಾನು ಹೋದರೆ ಮಗಳು ಯಾರ ಮನೆಯ ಬಾಗಿಲಿಗೆ ಹೋಗಿ ನಿಲ್ಲಬೇಕು ಎಂಬುದೊಂದೇ ಚಿಂತೆ.

ಮತ್ತೆ ಹೋದಾಗ ಡಾಕ್ಟರಮ್ಮ ಮುಚ್ಚಿಡದೆ ಹೇಳಿದಳು. "ಕ್ಯಾನ್ಸರ್ ಹೌದು. ಆದರೆ ಈಗಷ್ಟೇ ಶುರುವಾಗಿದೆ, ಎಲ್ಲೂ ಹರಡಿಲ್ಲ. ಸಣ್ಣ ಆಪರೇಷನ್ನಿನಲ್ಲಿ ತೆಗೆಯಬಹುದು. ಒಳ್ಳೆ ಹೊತ್ತಿಗೆ ಬಂದಿರಮ್ಮ. ಸಾಮಾನ್ಯವಾಗಿ ನಿಮ್ಮಂಥವರು ಬರುವಷ್ಟರಲ್ಲಿ ನನ್ನ ಕೈಯಲ್ಲಿ ಏನೂ ಉಳಿದಿರುವುದಿಲ್ಲ."

"ರೊಟ್ಟಿ ಬಡಿಯಾಕ ಯಾವಾಗ ಹೋಗಬಹುದ್ರಿ?" ಎಂದು ಕೇಳಿದಳು ನಿಂಬೆವ್ವ. ಡಾಕ್ಟರಮ್ಮನಿಗೆ ನಗು ಬಂತು. ನಿಂಬೆವ್ವ ಹೊರಗೆ ಬಂದು ಬೆಂಚಿನ ಮೇಲೆ ಕೂತು, ಅಷ್ಟು ದಿನ ತಡೆಹಿಡಿದದ್ದನ್ನೆಲ್ಲ ಅತ್ತು ಮುಗಿಸಿದಳು. ಎದೆಯ ಮೇಲಿನ ಭಾರ ಇಳಿದು ಅವಳಿಗೆ ಹಾಯೆನಿಸಿತು. ದಾನಮ್ಮ ಪಕ್ಕದಲ್ಲೇ ಕೂತಿದ್ದಳು.

ಆಪರೇಷನ್ ಆಯಿತು, ಗಾಯ ಮಾಯಿತು. ನಿಂಬೆವ್ವ ತಂಬಾಕು ಬಿಟ್ಟಳು, ಬಿಡುವಾಗ ಸಾಕಷ್ಟು ಒದ್ದಾಡಿದಳು ಕೂಡ. ಈಗ ಮೊದಲ ರೊಟ್ಟಿ ಗಿರಾಕಿಗಲ್ಲ, ಬಡಿದವಳಿಗೇ. ಚಟ್ನಿಯ ರುಚಿ ನೋಡುವ ಕೆಲಸವನ್ನು ದಾನಮ್ಮ ವಹಿಸಿಕೊಂಡಳು. ಪೇಟೆಯ ಮಂದಿ ಮತ್ತೆ ಮೂಗು ಒರೆಸಿಕೊಳ್ಳತೊಡಗಿದರು.

ಒಬ್ಬ ಮಾತ್ರ ಒರೆಸಿಕೊಳ್ಳಲಿಲ್ಲ. ಹುಲಿಗೆಪ್ಪ ಚಟ್ನಿಯನ್ನು ತಟ್ಟೆಯ ಅಂಚಿಗೆ ಸರಿಸಿ ಮೊಸರು ಕೇಳಿದ. ಅದನ್ನು ಕಂಡ ನಿಂಬೆವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

"ಹುಲಿಗೆಪ್ಪಣ್ಣ, ಬಾಯಿ ತೆಗಿ."

"ಉಣ್ಣಾಕ ತೆಗೆದೀನಲ್ಲ ಬೇ."

"ಇನ್ನಷ್ಟು ತೆಗಿ."

ಬಾಯಿ ಇನ್ನಷ್ಟು ತೆರೆಯಲು ಅವನಿಗೆ ಆಗಲಿಲ್ಲ. ಹುಲಿಗೆಪ್ಪ ಮುಖ ಆಚೆ ತಿರುಗಿಸಿ, "ನೋವಿಲ್ಲ ಬೇ. ಮೂಟಿ ಹೊರಾಕ ಏನೂ ಅಡ್ಡಿ ಇಲ್ಲ," ಎಂದ.

ನಿಂಬೆವ್ವ ಕೈ ತೊಳೆದು, ಸೆರಗು ಸಿಕ್ಕಿಸಿ, ಗೂಟದ ಮೇಲಿದ್ದ ಚೀಲ ತೆಗೆದುಕೊಂಡಳು. "ನಡಿ, ಆ ಡಾಕ್ಟರಮ್ಮನ್ನ ನಾ ಬಲ್ಲೆ," ಎಂದಳು.

"ನಿನ್ನ ಮಾಲಕರಿಗೆ ನಾ ಹೇಳತೀನಿ, ಹೋಗಪ್ಪ," ಎಂದಳು ದಾನಮ್ಮ. ಬಳೆ ಮೇಲೇರಿಸಿ ಒಲೆಯ ಮುಂದೆ ತಾನೇ ಕೂತು ಹಿಟ್ಟಿಗೆ ಕೈ ಹಾಕಿದಳು. ಅಂದಿನ ರೊಟ್ಟಿಗಳು ಒಂದೂ ದುಂಡಗೆ ಬರಲಿಲ್ಲ. ಉಂಡವರು ಯಾರೂ ತಕರಾರು ಮಾಡಲಿಲ್ಲ.

ನೀತಿ: ಕ್ಯಾನ್ಸರ್ ಉಳ್ಳವರಿಗೂ ಬರುತ್ತದೆ, ಇಲ್ಲದವರಿಗೂ ಬರುತ್ತದೆ. ಆದರೆ ಇಲ್ಲದವರಿಗೆ ಅದು ಗೊತ್ತಾಗುವುದು ತಡವಾಗಿ. ನೋವಿಲ್ಲ, ಕೆಲಸ ನಡೆಯುತ್ತಿದೆ ಎಂದು ಮಾಯದ ಹುಣ್ಣು, ಕಲೆ, ಗಂಟುಗಳನ್ನು ಮುಚ್ಚಿಟ್ಟುಕೊಳ್ಳಬೇಡಿ. ಕೈಕೆಳಗೆ ದುಡಿಯುವವರಿಗೆ 'ಹೋಗಿ ತೋರಿಸಿಕೋ' ಎಂದು ಬುದ್ಧಿ ಹೇಳಿದರಷ್ಟೇ ಸಾಲದು, ಅವರು ತೋರಿಸಿಕೊಂಡು ಬರುವ ತನಕ ಅವರ ಒಲೆಯನ್ನೂ ಕೂಲಿಯನ್ನೂ ಕಾಯಬೇಕು.