ಹುಂಜಪ್ಪನ ಕಪ್ಪು ಪರದೆ

ಕೋಳಿಗೂಡಿನ ನಾಯಕನ ಚುನಾವಣೆಗೆ ನಿಂತಿದ್ದ ಹುಂಜಪ್ಪನಿಗೆ ಪೋಸ್ಟರ್ ಮಾಡಲು ಹಳೆಯ ಕಂಪ್ಯೂಟರೊಂದು ಸಿಕ್ಕಿತು. ಅದನ್ನು ನಡೆಸುವ ತಂತ್ರಾಂಶವಾದ ಲಿನಕ್ಸಿನ ಹತ್ತಾರು ಬಗೆಗಳಲ್ಲಿ ಯಾವುದನ್ನು ಹಾಕಲಿ ಎಂದು ಜುಟ್ಟು ಕೆರೆದುಕೊಳ್ಳುತ್ತಿದ್ದಾಗ ಎದುರಾಳಿ ಬಾತುಕೋಳಿಯೇ ಹೇಳಿದಳು: "ಸುಲಭದ್ದು ಹಾಕ್ಕೊ ಹುಂಜಣ್ಣ, ಕನ್ನಡ ಅಕ್ಷರ ಅದರ ಜೊತೆಗೇ ಬರುತ್ತೆ."

"ಸುಲಭದ್ದು ಮರಿಗಳಿಗೆ ಕಣಮ್ಮ! ನನ್ನಂಥ ಗಂಡೆದೆಗೆ ಎಲ್ಲಾನೂ ಟೈಪ್ ಮಾಡೇ ನಡೆಸೋ ಕಪ್ಪು ಪರದೆಯದ್ದೇ ಆಗಬೇಕು!"

ಹುಂಜಪ್ಪ ಎಲ್ಲಕ್ಕಿಂತ ಕಷ್ಟದ ಲಿನಕ್ಸನ್ನೇ ಹಾಕಿದ; ಕನ್ನಡದ ಫಾಂಟು ಹಾಕುವುದನ್ನು ಮಾತ್ರ ಮರೆತ. "ನಿಮ್ಮ ಮತ ಹುಂಜಪ್ಪನಿಗೇ" ಎಂದು ಟೈಪ್ ಮಾಡಿದರೆ ಪೋಸ್ಟರಿನ ತುಂಬ ಬರೀ ಚೌಕಗಳು ಮೂಡಿದವು.

ಹೇಂಟೆಗಳು ಬಂದು ನೋಡಿದವು. "ಇದೇನಣ್ಣ, ಗೂಡಿನ ಜಾಲರಿಯ ನಕ್ಷೆನಾ?"

ತಪ್ಪೊಪ್ಪಿಕೊಂಡರೆ ಮಾನ ಹೋದೀತೆಂದು ಹುಂಜಪ್ಪ ಎದೆಯುಬ್ಬಿಸಿದ: "ಮತ್ತೇನಂದ್ಕೊಂಡ್ರಿ? ಹೊಸ ಜಾಲರಿ! ನಾನೇ ಹೆಣೆಯೋನು!"

ಇಂಥ ಕೆಲಸಗಾರನಿಗೆ ನಾಯಕತ್ವದ ಗೋಜು ಯಾಕೆಂದು ಹೇಂಟೆಗಳು ಬಾತುಕೋಳಿಯನ್ನು ಗೆಲ್ಲಿಸಿ, ಹುಂಜಪ್ಪನ ಕೊರಳಿಗೆ ತಂತಿಯ ಸುರುಳಿ ಹಾಕಿದವು.