ಮನಶುದ್ಧಿ ಇಲ್ಲವೆಂದ ದಿನ

೧೯೭೯ನೆಯ ಇಸವಿಯ ಶ್ರಾವಣ ಶುದ್ಧ ದಶಮಿ, ಬೆಳಗಿನ ಒಂಬತ್ತೂವರೆ ಗಂಟೆ. ಹಿರೇಮುತ್ತಗಿಯ ಪಾರ್ಶ್ವನಾಥ ಬಸದಿಯ ಮಗ್ಗುಲಲ್ಲಿ, ಒಂದು ಕಾಲಕ್ಕೆ ಅಭಿಷೇಕದ ಕೊಡಗಳನ್ನಿಡುತ್ತಿದ್ದ ಕೋಣೆಯಿಂದ ಪರಮಪೂಜ್ಯ ಆರ್ಯಿಕಾ ಶ್ರೀ ನಿಶ್ಶಲ್ಯಮತಿ ಮಾತಾಜಿಯವರು ಆಹಾರಕ್ಕಾಗಿ ಹೊರಟರು. ಒಂದು ಚಾಪೆ, ನವಿಲುಗರಿಯ ಪಿಂಛಿ, ಕಮಂಡಲು, ಉಟ್ಟದ್ದೊಂದು ಬಿಳಿಯ ಸೀರೆ, ಒಣಹಾಕಿದ್ದೊಂದು. ಅವರ ಚಾತುರ್ಮಾಸದ ಸಂಸಾರವೆಲ್ಲ ಇಷ್ಟೆ. ದಿನಕ್ಕೊಮ್ಮೆ ಮಾತ್ರ ಆಹಾರ. ಗೃಹಸ್ಥರ ಮನೆಯೊಳಗೆ ಕಾಲಿಟ್ಟ ಮೇಲೆ ವಿಘ್ನ ಬಂತೆಂದರೆ, ಮರುದಿನದವರೆಗೆ ತೊಟ್ಟು ನೀರೂ ಇಲ್ಲ.

ಮಾತಾಜಿಯವರು ಈ ಸಲವಾದರೂ ತಮ್ಮ ಹೊಸ್ತಿಲು ದಾಟಬೇಕೆಂಬುದು ಅಕ್ಕಾತಾಯಿ ಮಗದುಮ್ಮರ ಜೀವಮಾನದ ಆಸೆ. ಆದರೆ ಅವರ ಕೈಗಳು ಗಡಗಡ ನಡುಗುತ್ತಿದ್ದವು; ಮಾತಾಜಿಯವರು ಒಡ್ಡುವ ಅಂಜಲಿಗೆ ತುತ್ತು ನೀಡಲಾರವು. ನೀಡಬಲ್ಲವರು ಇಬ್ಬರು ಹೆಣ್ಣುಮಕ್ಕಳು. ಕಿರಿಯಳಾದ ಕುಸುಮಾವತಿ ನಿಪ್ಪಾಣಿಯಲ್ಲಿದ್ದಳು. ಹಿರಿಯಳು ಡಾಕ್ಟರ್ ತ್ರಿಶಲಾ, ವೈದ್ಯಕೀಯ ಕಾಲೇಜಿನಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕಿ. ವ್ರತ ನೇಮಗಳನ್ನು ತಾಯಿಯ ಮುಖ ನೋಡಿ ಸಹಿಸಿಕೊಳ್ಳುತ್ತಿದ್ದವಳು. "ಅಕಿ ಬಂದರ ನಾ ಬರೂದಿಲ್ಲ" ಎಂದು ಅವಳು ಹೇಳಿಬಿಟ್ಟಿದ್ದಳು. ತಂದೆಯ ಕೊನೆಯ ಕಾಯಿಲೆಯ ಸುದ್ದಿಯನ್ನು ಕುಸುಮಾವತಿ ತಡವಾಗಿ ತಿಳಿಸಿದ್ದಳು. ತ್ರಿಶಲೆ ಬಂದು ಮುಟ್ಟುವಷ್ಟರಲ್ಲಿ ಚಿತೆ ಆರಿತ್ತು. ಅಂದಿನಿಂದ ಅಕ್ಕತಂಗಿಯರ ನಡುವೆ ಮಾತಿಲ್ಲ.

ಬಾವಿಯ ನೀರಿನಲ್ಲಿ ಮಿಂದು, ಮಡಿಯುಟ್ಟು ಬಂದ ತ್ರಿಶಲೆಯ ಮೊಣಕೈಗಳ ಮೇಲೆ ಸೋರಿಯಾಸಿಸ್ಸಿನ ಕೆಂಪು ಕಲೆಗಳು ಉರಿಯುತ್ತಿದ್ದವು. ಸೋದರತ್ತೆ ಚಂಪಾಬಾಯಿಯ ಕಣ್ಣು ನೇರ ಅಲ್ಲಿಗೇ ಹೋಯಿತು.

"ಊರ ಮಂದಿ ರೋಗ ಕಳಿಯಾಕಿ, ತನ್ನ ಮೊಣಕೈ ತನಗ ಕಾಣವಲ್ದು! ಇಂಥ ಮೈಯಾಗ ಕಾಯಶುದ್ಧಿ ಅಂತ ಹೆಂಗ ಅಂತೀಯವ್ವ?"

"ಅತ್ತಿ, ಇದು ಅಂಟುವ ರೋಗಲ್ಲ. ನಿನ್ನ ನಾಲಗಿ ಅಂಟತೈತಿ, ಇದು ಅಂಟೂದಿಲ್ಲ."

ಅಕ್ಕಾತಾಯಿ ನಕ್ಕರು, ಮರುಕ್ಷಣವೇ ಬಾಗಿಲಿಗೆ ಓಡಿದರು. ಬೀದಿಯ ತಿರುವಿನಲ್ಲಿ ಪಿಂಛಿ ಕಾಣಿಸಿತ್ತು. "ವಂದಾಮಿ ಮಾತಾಜಿ, ವಂದಾಮಿ! ಅತ್ರ ಅತ್ರ, ತಿಷ್ಠ ತಿಷ್ಠ!" ಎಂದು ಕೂಗುವಾಗ ಅವರ ದನಿ ಎಳೆಯ ಹುಡುಗಿಯದಾಗಿತ್ತು. ಮಾತಾಜಿಯವರು ನಿಂತರು. ಒಳಗೆ ದಯಮಾಡಿಸಿದರು. ಪಾದ ತೊಳೆದದ್ದಾಯಿತು, ಅರ್ಘ್ಯ ಏರಿಸಿದ್ದಾಯಿತು. ಇನ್ನು ನೀಡುವವಳು ತನ್ನ ಶುದ್ಧಿಯನ್ನು ನುಡಿಯಬೇಕು: ಮೊದಲು ಮನ, ಆಮೇಲೆ ವಚನ, ಆಮೇಲೆ ಕಾಯ.

ಮೂರನೆಯ ಮಾತಿಗಾಗಿ ಚಂಪಾಬಾಯಿ ಕಿವಿ ನಿಮಿರಿಸಿ ಕುಳಿತಿದ್ದಳು. ತ್ರಿಶಲೆ ಮೊದಲನೆಯದರಲ್ಲೇ ತಡೆದು ನಿಂತಳು. ಜೀವಮಾನದಲ್ಲಿ ಪರೀಕ್ಷಿಸದ ಒಂದು ವರದಿಗೂ ಸಹಿ ಹಾಕಿದವಳಲ್ಲ ಅವಳು. ಅಟ್ಟದ ಮೇಲಿನ ಹಿತ್ತಾಳೆ ಕೊಡದಲ್ಲಿ ತಂಗಿಯ ಹೆಸರು ಕೊರೆದದ್ದು ಕಣ್ಣಿಗೆ ಬಿದ್ದಿತ್ತು. ಎದೆಯೊಳಗೆ ಎದ್ದ ಹೊಗೆ ಅವಳಿಗೆ ಚೆನ್ನಾಗಿಯೇ ತಿಳಿದಿತ್ತು.

"ಮನಶುದ್ಧಿ ಇಲ್ಲ, ಮಾತಾಜಿ" ಎಂದಳು.

ಮಾತಾಜಿಯವರು ಅವಳ ಮುಖವನ್ನೊಮ್ಮೆ ದಿಟ್ಟಿಸಿದರು. ಜೋಡಿಸಿದ್ದ ಅಂಜಲಿಯನ್ನು ಬಿಡಿಸಿದರು, ಎದ್ದರು, ಬಂದ ದಾರಿಯಲ್ಲೇ ಬಸದಿಗೆ ಹಿಂದಿರುಗಿದರು. ಅಕ್ಕಾತಾಯಿ ಹೊಸ್ತಿಲ ಮೇಲೆ ಕುಸಿದರು.

"ಒಂದು ಶಬ್ದ ಅಂದುಬಿಟ್ಟಿದ್ರ ನಾಲಗಿ ಸವೀತಿತ್ತೇನ?" ಎಂದು ಚಂಪಾಬಾಯಿ ಹಣೆ ಬಡಿದುಕೊಂಡಳು. "ಸಾಧ್ವಿಯನ್ನ ಉಪವಾಸ ಕೆಡವಿದೆಲ್ಲ!"

ಮಧ್ಯಾಹ್ನದ ಸಾಮಾಯಿಕ ಧ್ಯಾನ ಮುಗಿಯುವುದನ್ನೇ ಕಾದು ತ್ರಿಶಲೆ ಬಸದಿಗೆ ಹೋದಳು. ಬೈಸಿಕೊಳ್ಳಲು ಸಿದ್ಧಳಾಗಿದ್ದಳು, ಬೈದರೆ ವಾದಿಸಲೂ ಸಿದ್ಧಳಾಗಿದ್ದಳು. ಸೆಕೆಯ ಕೋಣೆಯಲ್ಲಿ, ಬತ್ತಿದ ತುಟಿಗಳಿಂದ, ಮಾತಾಜಿಯವರು ಪ್ರಸನ್ನರಾಗಿ ಕುಳಿತಿದ್ದರು.

"ನನ್ನಿಂದ ನಿಮಗೆ ಉಪವಾಸವಾಯಿತು."

"ಸುಳ್ಳಿನ ಊಟಕ್ಕಿಂತ ನಿಜದ ಉಪವಾಸ ಹಗುರ, ಮಗಳೇ. ಕೂಡು."

ತಪ್ಪು ಅಕ್ಕನದೋ ತಂಗಿಯದೋ ಎಂದು ಅವರು ಕೇಳಲೇ ಇಲ್ಲ. ಅವಳ ಮೊಣಕೈಯನ್ನು ನೋಡಿ, "ಇದು ಯಾವಾಗಿನಿಂದ?" ಎಂದರು.

"ಅಪ್ಪ ಹೋದ ವರ್ಷದಿಂದ. ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಮಾತಾಜಿ. ಮನಸ್ಸು ನರಮಂಡಲದ ವ್ಯವಹಾರ. ಇದು ರೋಗನಿರೋಧಕ ಶಕ್ತಿಯ ವ್ಯವಹಾರ. ಕಾಯುವ ರಕ್ತಕಣಗಳೇ ಚರ್ಮದ ಮೇಲೆ ತಿರುಗಿ ಬಿದ್ದಿವೆ. ಒಂದಕ್ಕೆ ಇನ್ನೊಂದರ ಭಾಷೆ ತಿಳಿಯದು. ಹಾಗೆಂದೇ ನಾನು ಪಾಠ ಹೇಳುತ್ತೇನೆ."

ಮಾತಾಜಿಯವರು ಮುಗುಳ್ನಕ್ಕರು. "ಪಾಠ ಇರಲಿ. ಮೈ ನಿನ್ನದಲ್ಲವೇ? ಅದನ್ನು ಕೇಳಿ ಹೇಳು. ಸಿಟ್ಟು ಬಂದಾಗ ಕಲೆ ಉರಿಯುತ್ತದೆಯೋ, ಕಲೆ ಉರಿದಾಗ ಸಿಟ್ಟು ಬರುತ್ತದೆಯೋ?"

ತ್ರಿಶಲೆ ಉತ್ತರಕ್ಕೆ ಬಾಯಿ ತೆರೆದಳು. ಪತ್ರದ ಮೇಲೆ ತಂಗಿಯ ಅಕ್ಷರ ಕಂಡ ರಾತ್ರಿಯೆಲ್ಲ ಕೆರೆದುಕೊಂಡದ್ದು ನೆನಪಾಯಿತು. ಕಲೆ ಕೆರಳಿದ ವಾರಗಳಲ್ಲಿ ಯಾರ ಮುಖವೂ ಬೇಡವಾಗಿ, ಹಳೆಯ ನೋವುಗಳೆಲ್ಲ ಹೆಡೆಯೆತ್ತುತ್ತಿದ್ದುದೂ ನೆನಪಾಯಿತು.

"ಎರಡೂ" ಎಂದಳು, ತಗ್ಗಿದ ದನಿಯಲ್ಲಿ.

"ಹಾಗಾದರೆ ನಡುವೆ ಬಾಗಿಲಿದೆ."

ಆ ಮಾತಿನೊಂದಿಗೆ ಅವಳ ಕಣ್ಣ ಮುಂದೆ ಮಿಂಚು ಹೊಡೆದಂತಾಯಿತು. ಗುಲ್ಮದ, ಅಂದರೆ ಸ್ಪ್ಲೀನಿನ, ಗಾಜುಪಟ್ಟಿ! ಸೂಕ್ಷ್ಮದರ್ಶಕದ ಕೆಳಗೆ ಎಷ್ಟು ಸಲ ನೋಡಿದ್ದಳು ಅದನ್ನು! ಬೆಳ್ಳಿಯ ಲವಣದ ಬಣ್ಣ ಹಾಕಿದಾಗ ಕಪ್ಪಾಗಿ ಎದ್ದು ಕಾಣುವ ನರದೆಳೆಗಳು. ಅವು ರಕ್ತನಾಳಗಳಿಗಾಗಿ ಬಂದವೆಂದು ವಿದ್ಯಾರ್ಥಿಗಳಿಗೆ ಹೇಳುತ್ತಲೇ ಬಂದಿದ್ದಳು. ಆದರೆ ಆ ಎಳೆಗಳಲ್ಲಿ ಕೆಲವು ನಾಳವನ್ನು ಬಿಟ್ಟು ಕವಲೊಡೆದು, ಮೈ ಕಾಯುವ ಬಿಳಿಯ ರಕ್ತಕಣಗಳ ಗುಂಪಿನ ನಡುವೆಯೇ ಹೋಗಿ ಕೊನೆಗಾಣುತ್ತಿದ್ದವು. ನಾಳವೇ ಇಲ್ಲದ ಕಡೆ ನರಕ್ಕೇನು ಕೆಲಸ? ಯಾರೊಡನೆ ಮಾತು? ಕಣ್ಣು ಕಂಡದ್ದನ್ನು ಬುದ್ಧಿ ಇಷ್ಟು ವರ್ಷ ಒಳಗೆ ಬಿಟ್ಟುಕೊಂಡಿರಲಿಲ್ಲ!

ಅವಳು ತಟ್ಟನೆ ಎದ್ದು ನಿಂತಳು. ಎದ್ದದ್ದೇ ತಿಳಿಯದೆ ಮತ್ತೆ ಕುಳಿತಳು. ನಗುವೂ ಅಳುವೂ ಒಟ್ಟಿಗೇ ಬಂದವು. "ಇದೆ, ಮಾತಾಜಿ! ಬಾಗಿಲಿದೆ! ನಾನೇ ನೋಡಿದ್ದೇನೆ!"

"ಇದ್ದರೆ ಎರಡು ಕಡೆಯಿಂದಲೂ ನಡೆಯಬಹುದು. ಆ ಕಡೆಯಿಂದ ಔಷಧಿ, ಅದನ್ನು ಬಿಡಬೇಡ. ರೋಗ ಪಾಪವಲ್ಲ. ನಿನ್ನ ಸಿಟ್ಟೆಲ್ಲವೂ ನಿನ್ನದಲ್ಲ, ಉರಿಯ ಪಾಲೂ ಅದರಲ್ಲಿದೆ. ಈ ಕಡೆಯಿಂದ ನಡೆಯುವುದು ಮಾತ್ರ ನಿನ್ನ ಕೈಲಿದೆ."

"ಕಲೆ ಹೋಗುತ್ತದೆಯೇ?"

"ಅದನ್ನು ನಾನು ಹೇಳಲಾರೆ. ನಾಳೆ ನಿಮ್ಮ ಬಾಗಿಲಿಗೆ ಬರುತ್ತೇನೆಂದೂ ಹೇಳಲಾರೆ."

ಪುಣ್ಯಾತ್ಮರು ಭರವಸೆ ಕೊಡುವುದಿಲ್ಲ, ಕಣ್ಣು ಕೊಡುತ್ತಾರೆ. ಬಸದಿಗೆ ಬಂದರೂ ಕೈಕಟ್ಟಿ ನಿಂತೇ ಹೋಗುತ್ತಿದ್ದ ತ್ರಿಶಲೆ ಅಂದು ನೆಲಕ್ಕೆ ಹಣೆಯಿಟ್ಟು "ವಂದಾಮಿ" ಎಂದಳು. ಮಾತಾಜಿಯವರು ಪಿಂಛಿಯೆತ್ತಿ "ಧರ್ಮವೃದ್ಧಿರಸ್ತು" ಎಂದು ಹರಸಿದರು.

ಮನೆಯಲ್ಲಿ ಅಕ್ಕಾತಾಯಿ ಇನ್ನೂ ಹೊಸ್ತಿಲ ಬಳಿಯಲ್ಲೇ ಕುಳಿತಿದ್ದರು. ಅವರೂ ಅಂದು ಏನನ್ನೂ ಮುಟ್ಟಿರಲಿಲ್ಲ. ತ್ರಿಶಲೆ ಆ ನಡುಗುವ ಕೈಗಳನ್ನು ಹಿಡಿದುಕೊಂಡಳು.

"ಅವ್ವಾ, ನಿಪ್ಪಾಣಿ ಬಸ್ಸು ಎಷ್ಟಕ್ಕ?"

"ಐದಕ್ಕ. ಯಾಕ?"

ಆ ಬಸ್ಸಿಗೆ ಹೋಗಿ ಕುಸುಮಾವತಿಯನ್ನು ಕರೆತರುವುದೆಂದು ತ್ರಿಶಲೆ ನಿರ್ಧರಿಸಿದಳು.