ಕರೆವ್ವನ ಕಲ್ಲು ಉಜ್ಜಿದವರು

ಯಾವ ಕಾಲ ಅಂತ ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಜನ ಬಸ್ಸಿನ ಮುಖ ನೋಡದ ಕಾಲ, ಒಂದೂರಿಂದ ಇನ್ನೊಂದೂರಿಗೆ ಕಾಲೇ ಗತಿ ಅನ್ನೋ ಕಾಲ. ಆಗ ಮಸಾರಿಹಾಳು ಅಂತ ಒಂದೂರು. ಆ ಊರಿಗೆ ಒಂದು ಬೆಳಿಗ್ಗೆ ಇಬ್ಬರು ಅಲೆಮಾರಿಗಳು ಜಗಳ ಆಡುತ್ತ ಬಂದರು. ಬೊಗಳಲು ಬಾಯಿ ತೆಗೆದ ನಾಯಿಗಳು ಇವರ ಗದ್ದಲ ಕೇಳಿ ಬಾಯಿ ಮುಚ್ಚಿಕೊಂಡವು ಅಂತಾರೆ.

ಒಬ್ಬ ಹುಲುಗಪ್ಪ. ಸವೆದು ನುಣುಪಾದ ಬೀಸುಕಲ್ಲಿಗೆ ಉಳಿ ಹಿಡಿದು ಕಚ್ಚು ಹಾಕುವುದು ಅವನ ಕಸುಬು. ಕಚ್ಚಿಲ್ಲದ ಕಲ್ಲಿನಲ್ಲಿ ಜೋಳ ಜಾರುತ್ತದೆ, ಹಿಟ್ಟಾಗುವುದಿಲ್ಲ. ಹುಲುಗಪ್ಪ ಕಚ್ಚು ಹಾಕಿದ ಕಲ್ಲಿನಲ್ಲಿ ಬೀಸಿದರೆ ಹಿಟ್ಟು ವಿಭೂತಿಯಂತೆ ಉದುರುತ್ತಿತ್ತಂತೆ. ಇನ್ನೊಬ್ಬ ದಾವಲಸಾಬ, ಹಿತ್ತಾಳೆ ತಾಮ್ರದ ಪಾತ್ರೆಗೆ ಕಲಾಯಿ ಹಾಕುವವ. ಅವನು ಕಲಾಯಿ ಹಾಕಿದ, ಹಿಟ್ಟು ನಾದುವ ಪರಾತದಲ್ಲಿ ಕಾಗೆಯೊಂದು ತನ್ನ ಮುಖ ಕಂಡು, ಸಂಜೆ ತನಕ ಕುಕ್ಕಿ ಕುಕ್ಕಿ ಸುಸ್ತಾಯಿತಂತೆ.

ಕಸುಬಿನಲ್ಲಿ ಇಬ್ಬರಿಗೂ ಹೆಸರು. ಗುಣದಲ್ಲಿ ಇಬ್ಬರೂ ತಲೆನೋವು.

ಹುಲುಗಪ್ಪನಿಗೆ ನುಣ್ಣನೆ ಕಲ್ಲು ಕಂಡರೆ ಕೈ ತಡೆಯುತ್ತಿರಲಿಲ್ಲ. ಯಾರನ್ನೂ ಕೇಳುತ್ತಿರಲಿಲ್ಲ, ಕೂತು ಬಡಿಯಲು ಶುರು ಮಾಡುತ್ತಿದ್ದ. ಒಂದೂರಿನಲ್ಲಿ ಬಟ್ಟೆ ಒಗೆಯುವ ಬಂಡೆಗೆ ಕಚ್ಚು ಹಾಕಿದ. ಆ ಊರಿನವರ ಸೀರೆ ಧೋತರ ಎಲ್ಲ ಜಾಳುಜಾಳಾದವು. ಇನ್ನೊಂದೂರಿನಲ್ಲಿ ಮುದುಕರು ಕೂರುವ ಕಟ್ಟೆಗೇ ಹಾಕಿದ. ಅಲ್ಲಿ ಏನಾಯಿತು ಅಂತ ನಾನು ಹೇಳಬೇಕಿಲ್ಲ. ಪ್ರತಿ ಸಲವೂ ದಾವಲಸಾಬ ಓಡಿ ಬಂದು, ಕೈ ಮುಗಿದು, ಇವನ ರಟ್ಟೆ ಹಿಡಿದು ಎಳೆದುಕೊಂಡು ಹೋಗಬೇಕು.

ದಾವಲಸಾಬನ ಕಾಟ ಬೇರೆ. ಅವನು ಯಾವ ಊರಿನಲ್ಲೂ ಮೂರು ದಿನಕ್ಕಿಂತ ಹೆಚ್ಚು ನಿಲ್ಲುವವನಲ್ಲ. ನಾಲ್ಕನೇ ಬೆಳಿಗ್ಗೆ ಕಾಲು ಬಾತುಕೊಳ್ಳುತ್ತಿದ್ದವು, ಉಸಿರು ಕಟ್ಟುತ್ತಿತ್ತು ಅಂತಾರೆ. ಅರ್ಧ ಕಚ್ಚು ಹಾಕಿದ ಕಲ್ಲು ಬಿಟ್ಟು ಹುಲುಗಪ್ಪ ಏಳಬೇಕು. ಹೀಗಾಗಿ ಹನ್ನೆರಡು ವರ್ಷ ಜೊತೆಗೆ ನಡೆದರು, ಹನ್ನೆರಡು ವರ್ಷವೂ ಜಗಳ. ಉಪ್ಪಿಗೆ ಜಗಳ, ನೆರಳಿಗೆ ಜಗಳ, ಎಡಕ್ಕೋ ಬಲಕ್ಕೋ ಅಂತ ಜಗಳ. "ಮುಂದಿನ ಕವಲು ಬರ್ಲಿ, ಆಮ್ಯಾಲ ನೀ ಯಾರೋ ನಾ ಯಾರೋ" ಅಂತ ದಿನಕ್ಕೊಮ್ಮೆ ಒಬ್ಬನಾದರೂ ಅನ್ನಲೇಬೇಕು. ಕವಲು ಬರುತ್ತಿತ್ತು. ಅಲ್ಲೂ ಜಗಳ ಆಡಿ, ಒಂದೇ ದಾರಿ ಹಿಡಿಯುತ್ತಿದ್ದರು.

ಮಸಾರಿಹಾಳಿನ ದೇವತೆ ಕರೆವ್ವ. ಗುಡಿಯಿಲ್ಲ, ಮೂರ್ತಿಯಿಲ್ಲ. ಬೇವಿನ ಮರದ ಕೆಳಗೆ ಮೊರದಗಲದ ಒಂದು ದುಂಡನೆ ಕರಿ ಕಲ್ಲು, ಅಷ್ಟೇ. ವರ್ಷವೆಲ್ಲ ಅದರ ಮೇಲೆ ಅರಿಶಿನ ಕುಂಕುಮ ಬೆರಳುದಪ್ಪ ಇರುತ್ತಿತ್ತು. ಬಿತ್ತನೆಗೆ ಮುಂಚೆ ಒಂದು ದಿನ ಮಾತ್ರ ಪೂಜಾರಿ ದುರುಗವ್ವ ಎಲ್ಲವನ್ನೂ ತೊಳೆದು ಕಲ್ಲನ್ನು ಬರಿದಾಗಿ ಬಿಡುತ್ತಿದ್ದಳು. ಅವತ್ತು ಕರೆವ್ವ ತಲೆ ಎರೆದುಕೊಂಡು ಕೂದಲು ಆರಿಸಿಕೊಳ್ಳುತ್ತಾಳಂತೆ. ಹೆಣ್ಣುಮಗಳು ಹಾಗೆ ಕೂತಾಗ ಯಾರೂ ನೋಡಬಾರದು ಅಂತ ಊರಿಗೆ ಊರೇ ಮಧ್ಯಾಹ್ನದವರೆಗೆ ಬಾಗಿಲು ಹಾಕಿಕೊಂಡು ಒಳಗಿರುತ್ತಿತ್ತು.

ಇವರು ಬಂದದ್ದು ಸರಿಯಾಗಿ ಅವತ್ತೇ.

ಬೀದಿಯಲ್ಲಿ ಒಂದು ಹುಳ ಇಲ್ಲ. "ನೋಡು, ನಿನ್ನ ಹೆಸರು ನಿನಗಿಂತ ಮೊದಲ ಬಂದು ಮುಟ್ಟೈತಿ. ಊರವರೆಲ್ಲ ಬಾಗಿಲಾ ಹಾಕ್ಕೊಂಡಾರ" ಅಂದ ದಾವಲಸಾಬ. ಅಂದವನೇ ಬೆಂಕಿ ಊದುವ ತಿದಿಯನ್ನು ತಲೆಗಿಟ್ಟುಕೊಂಡು ಹುಣಸೆ ಮರದ ನೆರಳಿನಲ್ಲಿ ಮಲಗಿದ. ಸ್ವಲ್ಪ ಹೊತ್ತಿಗೆ ದೂರದಲ್ಲಿ ಟಕ್ ಟಕ್ ಕೇಳಿಸಿತು. ಪುಣ್ಯಾತ್ಮನಿಗೆ ಕೆಲಸ ಸಿಕ್ಕಿದೆ ಅಂದುಕೊಂಡು ಮಗ್ಗಲು ಬದಲಿಸಿದ.

ಮಧ್ಯಾಹ್ನ ದುರುಗವ್ವ ಅರಿಶಿನದ ಬಟ್ಟಲು ಹಿಡಿದು ಬಂದಳು. ಕರೆವ್ವನ ಮೈಮೇಲೆ ನಟ್ಟನಡುವಿನಿಂದ ಅಂಚಿನವರೆಗೆ ಸಾಲು ಸಾಲು ಕಚ್ಚು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಪಕ್ಕದಲ್ಲಿ ಹುಲುಗಪ್ಪ ಪುಡಿ ಊದುತ್ತ ಕೂತಿದ್ದ. "ಯವ್ವಾ, ಇಂಥಾ ಕಲ್ಲನ್ನ ಮಣ್ಣಾಗ ಹಾಳು ಬಿಟ್ಟೀರಿ. ಇದರ ಮೇಲಿನ ಕಲ್ಲು ಎಲ್ಲೈತಿ?" ಅಂತ ಕೇಳಿದನಂತೆ.

ಊರು ಸೇರಿತು. ಕೆಲವರು ಕೈ ಮುರಿಯಿರಿ ಅಂದರು. ದಾವಲಸಾಬ ಎಂದಿನಂತೆ ಓಡಿ ಬಂದು ಕೈ ಮುಗಿದ. ಈ ಸಲ ಅದು ನಡೆಯಲಿಲ್ಲ.

ದುರುಗವ್ವ ಎಲ್ಲರನ್ನೂ ಸುಮ್ಮನಿರಿಸಿದಳು. "ಅವನ ಕೈ ಮುರದ್ರ ಕಲ್ಲು ನುಣ್ಣಗಾಕ್ಕೈತೇನು? ಕೆಡಿಸಿದವನ ಸರಿ ಮಾಡ್ಲಿ" ಅಂದಳು. ಕಬ್ಬಿಣ ಇನ್ನೊಮ್ಮೆ ಕರೆವ್ವನ ಮೈ ಮುಟ್ಟಬಾರದು. ಬರಿ ಅಂಗೈ, ಎಣ್ಣೆ, ಅರಿಶಿನ. ಕಲ್ಲು ಮೊದಲಿನಂತಾಗುವವರೆಗೆ ಅವನು ಊರ ಎಲ್ಲೆ ದಾಟುವಂತಿಲ್ಲ. ಉಳಿಗಳನ್ನು ಕಸಿದುಕೊಂಡು ತನ್ನ ಮನೆಯ ಅಟ್ಟಕ್ಕೆ ಹಾಕಿದಳು.

ಅಂಗೈಯಲ್ಲಿ ಕಲ್ಲು ಸವೆಸುವುದು ಅಂದರೆ ಎಷ್ಟು ವರ್ಷ? ಲೆಕ್ಕ ಹಾಕಲು ಯಾರಿಗೂ ಧೈರ್ಯ ಬರಲಿಲ್ಲ. ದುರುಗವ್ವ ದಾವಲಸಾಬನ ಕಡೆ ತಿರುಗಿ, ನಿನ್ನದೇನೂ ತಪ್ಪಿಲ್ಲ, ನೀನು ಹೋಗಪ್ಪ ಅಂದಳು.

ದಾವಲಸಾಬ ಮೂರು ದಿನ ಇದ್ದ. ಮೂರು ದಿನವೂ ಬೈದ. ಬಟ್ಟೆ ಬಂಡೆಯಿಂದ ಹಿಡಿದು ಮುದುಕರ ಕಟ್ಟೆಯವರೆಗೆ ಒಂದನ್ನೂ ಬಿಡಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಗಂಟು ಕಟ್ಟಿ ಹೊರಟ. ಹುಲುಗಪ್ಪ ಉಜ್ಜುತ್ತಲೇ ಇದ್ದ.

ಊರ ಅಗಸಿ ಬಾಗಿಲು ದಾಟಿದವನು ತಿರುಗಿ ಬಂದ. ಒಂದು ಮಾತು ಮರೆತಿದ್ದೆ ಅಂತ ನಿಂತು ಬೈದು ಹೋದ. ಹಳ್ಳ ದಾಟಿದವನು ತಿರುಗಿ ಬಂದ. ಇನ್ನೊಂದು ಮಾತು ನೆನಪಾಯಿತಂತೆ. ಅದನ್ನೂ ಅಂದು ಹೋದ. ಮೂರು ಸಲ ಅಂತಾರೆ, ಐದು ಸಲ ಅಂತಾರೆ. ಕೊನೆಗೆ ಕವಲಿನವರೆಗೆ ಹೋದ. ಎಡಕ್ಕೆ ಒಂದು ದಾರಿ, ಬಲಕ್ಕೆ ಒಂದು ದಾರಿ. ಬಲಕ್ಕೆ ಅಂದರೆ ಎಡಕ್ಕೆ ಅನ್ನುವವರು ಯಾರೂ ಇಲ್ಲ. ಆಡು ಕಾಯುತ್ತಿದ್ದ ಹೆಂಗಸೊಬ್ಬಳು, "ಯಾವ ಕಡೆ ಹೊಂಟೀಯೋ ಅಣ್ಣಾ?" ಅಂತ ಕೇಳಿದಳು. ಅವನು ಎಡಕ್ಕೊಮ್ಮೆ ನೋಡಿದ, ಬಲಕ್ಕೊಮ್ಮೆ ನೋಡಿದ. ಆಡುಗಳು ಮೇಯ್ದು ಮುಗಿಸುವವರೆಗೆ ನಿಂತೇ ಇದ್ದ ಅಂತಾರೆ.

ಸಂಜೆಗೆ ಬೇವಿನ ಮರದ ಹತ್ತಿರ ಬಂದು ಗಂಟು ಇಳಿಸಿದ. ಹುಲುಗಪ್ಪ, "ಮತ್ತೇನು ಮರೆತಿ?" ಅಂದ.

"ಸರಿ ಅತ್ಲಾಗ. ನೀ ಒಬ್ಬನ ಉಜ್ಜಿದ್ರ ಕಲ್ಲು ಸೊಟ್ಟ ಸವಿತೈತಿ" ಅಂದು, ಎದುರು ಬದಿಗೆ ಕೂತು ಅಂಗೈ ಇಟ್ಟ.

ಪರ ಊರಿನವ, ಪರ ದೇವರವ, ಕರೆವ್ವನನ್ನು ಮುಟ್ಟಬಹುದೇ ಅಂತ ಯಾರೋ ಕೇಳಿದರು. ಅಂಗೈ ಅಂಗೈಯೇ ಅಂದಳು ದುರುಗವ್ವ.

ನಾಲ್ಕನೇ ಬೆಳಿಗ್ಗೆಯ ಕಾಟ ದಾವಲಸಾಬನನ್ನು ಬಿಡಲಿಲ್ಲ. ಕಾಲು ಬಾತವು, ಉಸಿರು ಕಟ್ಟಿತು. ಎದ್ದು ನಿಂತ, ಬಗ್ಗಿ ಕಲ್ಲಿನ ಮೇಲೆ ಕೈಯಿಟ್ಟುಕೊಂಡೇ ಅದರ ಸುತ್ತ ನಡೆಯಲು ಶುರು ಮಾಡಿದ. ಅವತ್ತಿನಿಂದ ಅವನು ನಡೆಯುತ್ತ ಉಜ್ಜುವುದು, ಇವನು ಕೂತು ಉಜ್ಜುವುದು. ಕಲ್ಲಿನ ಸುತ್ತ ಮೊಣಕಾಲಾಳ ದಾರಿ ಬಿತ್ತಂತೆ. ಅಷ್ಟು ನಡಿಗೆಯನ್ನು ನೆಟ್ಟಗೆ ಹಾಸಿದ್ದರೆ ಸಮುದ್ರ ಮುಟ್ಟಿ ವಾಪಸು ಬರಬಹುದಿತ್ತು ಅಂತಾರೆ.

ಜಗಳ ಮಾತ್ರ ನಿಲ್ಲಲಿಲ್ಲ. ಕೋಳಿ ಕೂಗುವ ಮೊದಲೇ ಶುರು. ನೀನು ಒತ್ತಿ ಉಜ್ಜುತ್ತಿಲ್ಲ, ನೀನು ಎಣ್ಣೆ ಸುರಿಯುತ್ತಿದ್ದೀ, ನಿನ್ನ ನೆರಳು ಬಿತ್ತು, ನಿನ್ನ ಬೆವರು ಬಿತ್ತು. ಮಸಾರಿಹಾಳಿನವರ ತಲೆ ಚಿಟ್ಟು ಹಿಡಿಯಿತು. ಕರೆವ್ವನಿಗೆ ಕಾಲಿದ್ದಿದ್ದರೆ ಅವಳೇ ಎದ್ದು ಹೋಗುತ್ತಿದ್ದಳು ಅಂದರು ಹೆಂಗಸರು. ಈ ಪೀಡೆಗಳು ಬೇಗ ತೊಲಗಲಿ ಅಂತ ನೀರಿಗೆ ಹೋಗುವವರು, ಹೊಲಕ್ಕೆ ಹೋಗುವವರು, ಒಬ್ಬೊಬ್ಬರೂ ನಿಂತು ನಾಲ್ಕು ಸಲ ಕಲ್ಲು ಉಜ್ಜಿ ಹೋಗತೊಡಗಿದರು.

ಐದು ಬಿತ್ತನೆ ಆದ ಮೇಲೆ ದುರುಗವ್ವ ಕಲ್ಲು ತೊಳೆದು, ಕಣ್ಣು ಮುಚ್ಚಿ, ಕೆನ್ನೆಯಿಟ್ಟು ನೋಡಿದಳು. ಆಯಿತು, ಹೋಗಿ ಅಂದಳು.

"ಇಲ್ಲ ಯವ್ವಾ, ಅಂಚಿನಾಗ ಒಂದು ಕಚ್ಚು ಇನ್ನೂ ಕೈಗೆ ಹತ್ತತೈತಿ" ಅಂದ ಹುಲುಗಪ್ಪ.

ದಾವಲಸಾಬ ಹಣೆ ಹಿಡಿದುಕೊಂಡು ನೆಲಕ್ಕೆ ಕೂತುಬಿಟ್ಟ. ಊರವರ ಎದೆ ಧಸಕ್ಕೆಂದಿತು. "ಅದೊಂದು ನಮಗಿರ್ಲಿ. ನಾವ ಉಜ್ಜಿಕೊಂತೀವಿ, ನೀ ನಡಿಯಪಾ" ಅಂದಳು ದುರುಗವ್ವ. ಉಳಿಗಳನ್ನು ಅವಳು ಹುಲುಗಪ್ಪನ ಕೈಗೆ ಕೊಡಲಿಲ್ಲ, ದಾವಲಸಾಬನ ಕೈಗೆ ಕೊಟ್ಟಳು. ಇಬ್ಬರೂ ಹೋದರು. ಉಳಿ ಯಾರ ಗಂಟಿನಲ್ಲಿರಬೇಕು ಅನ್ನುವ ಜಗಳ ಹಳ್ಳದಾಚೆಗೂ ಕೇಳಿಸುತ್ತಿತ್ತಂತೆ. ಆಮೇಲೆ ಅವರನ್ನು ಆ ಊರಿನವರು ಯಾರೂ ಕಾಣಲಿಲ್ಲ.

ಇವತ್ತಿಗೂ ಮಸಾರಿಹಾಳಿನಲ್ಲಿ ಇಬ್ಬರು ಗೆಳೆಯರು ಮುನಿಸಿಕೊಂಡರೆ ಪಂಚಾಯ್ತಿ ಸೇರಿಸುವುದಿಲ್ಲ. ಕರೆವ್ವನ ಕಲ್ಲಿನ ಆಚೆ ಒಬ್ಬನನ್ನು ಈಚೆ ಒಬ್ಬನನ್ನು ಕೂರಿಸಿ, ಅಂಚಿನ ಆ ಕಚ್ಚು ಉಜ್ಜಲು ಹೇಳಿ ಉಳಿದವರು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಬೈದುಕೊಳ್ಳಬಹುದು, ಎಷ್ಟು ಬೇಕಾದರೂ. ಕೈ ಮಾತ್ರ ತೆಗೆಯಬಾರದು. ಹೋದ ವರ್ಷ ಮರಿಬಸಪ್ಪ, ಈರಗಾರ ಅನ್ನೋ ಇಬ್ಬರನ್ನು ಹಾಗೆ ಕೂರಿಸಿದ್ದರು. ಬೆಳಿಗ್ಗೆ ಕೂತವರು ಹೊತ್ತು ನೆತ್ತಿಗೆ ಬಂದಾಗ ಎದ್ದರು. ಬೈಗುಳ ಇನ್ನೂ ಮುಗಿದಿರಲಿಲ್ಲ. ಬೈದಾಡುತ್ತಲೇ ಇಬ್ಬರೂ ಈರಗಾರನ ಮನೆಗೆ ಊಟಕ್ಕೆ ಹೋದರು.